ನೂಲು ಕಟ್ಟಿದ ಬಿಳಿ ಮುತ್ತಲ

ಸಂಶಯ ಸುರೇಖಾಳ ಹುಟ್ಟುಗುಣವಲ್ಲ, ನೌಕರಿಯ ಗಳಿಕೆ. ರಾಣೇಬೆನ್ನೂರಿನ ಹೈಸ್ಕೂಲೊಂದರಲ್ಲಿ ಮೂವತ್ತೊಂದು ವರ್ಷ ಜೀವಶಾಸ್ತ್ರ ಕಲಿಸಿದವಳು. ಪರೀಕ್ಷೆಯ ಕೋಣೆಯಲ್ಲಿ ಯಾವ ಹುಡುಗನ ಕಾಲುಚೀಲದಲ್ಲಿ ಚೀಟಿಯಿದೆ ಎಂಬುದನ್ನು ಅವನ ಕಿವಿಯ ಬಣ್ಣ ನೋಡಿ ಹೇಳುತ್ತಿದ್ದಳು. ನಿವೃತ್ತಿಯಾಗಿ ಮೂರು ವರ್ಷವಾಗಿತ್ತು, ಆದರೆ ಆ ಕಣ್ಣಿಗೆ ಯಾರೂ ನಿವೃತ್ತಿಯ ಆದೇಶ ಕೊಟ್ಟಿರಲಿಲ್ಲ. ಹಾಲು ಹಾಕುವವನು ನಕ್ಕರೆ ಇವತ್ತು ನೀರು ಬೆರೆಸಿದ್ದಾನೆ ಎಂದುಕೊಳ್ಳುತ್ತಿದ್ದಳು. ನಗದಿದ್ದರೆ, ಜಾಸ್ತಿ ಬೆರೆಸಿದ್ದಾನೆ.

ಇಂಥವಳು ಯಾರ ಮೇಲೂ ಗುಮಾನಿಪಡದೆ ಕಳೆಯುತ್ತಿದ್ದ ದಿನಗಳು ವರ್ಷಕ್ಕೆ ಆರೋ ಏಳೋ ಇದ್ದವು. ಶಿವರಾತ್ರಿಯ ಆಸುಪಾಸಿನಿಂದ ಯುಗಾದಿಯವರೆಗಿನ ರವಿವಾರಗಳವು. ಆ ದಿನಗಳಲ್ಲಿ ಮೂರು ಜನ ಕೂಡಿ ಕಾಡುಹೂ ನೋಡಲು ಹೋಗುತ್ತಿದ್ದರು. ಗಾಡಿ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಮಲ್ಲಿಕಾರ್ಜುನನದು. ಸಕ್ಕರೆ ಕಾಯಿಲೆಗೆ ನಡೆಯಿರಿ ಎಂದು ಡಾಕ್ಟರು ಹೇಳಿದ್ದಕ್ಕೆ ಬಂದು ಸೇರಿಕೊಂಡವನು, ಎರಡನೇ ವರ್ಷಕ್ಕೆ ಡಾಕ್ಟರನ್ನು ಮರೆತು ಹೂವಿನ ಹಿಂದೆ ಬಿದ್ದಿದ್ದ. ಮೂರನೆಯವಳು ದಿಲನಾಜ, ಸುರೇಖಾಳ ಹಳೆಯ ವಿದ್ಯಾರ್ಥಿನಿ. ಹಾವೇರಿಯ ಬ್ಯಾಂಕೊಂದರಲ್ಲಿ ಕೆಲಸ. ಮೊದಲ ಬಸ್ಸು ಹಿಡಿದು ನಿದ್ದೆಗಣ್ಣಲ್ಲಿ ಬಂದು ಇಳಿಯುತ್ತಿದ್ದಳು. ಮಲ್ಲಿಕಾರ್ಜುನನ ಬೊಲೆರೊ ಹತ್ತಿದವರು ಮೊದಲು ನಾಲ್ಕು ಸಲ ಸೀನಬೇಕು, ಆಮೇಲೆಯೇ ಮಾತು. ಸೀಟಿನ ಸಂದಿಯೊಳಗೆಲ್ಲ ಮೆಣಸಿನಕಾಯಿಯ ಘಾಟು ಮನೆ ಮಾಡಿಕೊಂಡಿತ್ತು.

ಮೇಡ್ಲೇರಿ ದಾಟಿ, ಹೊಳೆಯ ನೀರು ಕುಡಿದ ಹಸಿರು ಹೊಲಗಳು ಮುಗಿದ ಮೇಲೆ, ಕಲ್ಲು ಬೆಳೆಯುವ ಒಂದು ಗುಡ್ಡವಿದೆ. ಅದಕ್ಕೆ ಹೆಸರೂ ಇಲ್ಲ, ದೇವರೂ ಇಲ್ಲ. ಹಾಗಾಗಿ ಜನವೂ ಇಲ್ಲ. ಇಳಿಜಾರಿನ ತುಂಬ ಮುತ್ತಲ ಗಿಡಗಳು. ಬೇರೆ ಕಾಲದಲ್ಲಿ ಊಟದ ಎಲೆ ಹಚ್ಚುವವರಿಗೆ ಬಿಟ್ಟರೆ ಯಾರಿಗೂ ಬೇಡದ ಗಿಡ ಅದು; ಫಾಲ್ಗುಣ ಬಂತೆಂದರೆ ಮಾತ್ರ ಎಲೆಯನ್ನೆಲ್ಲ ಕೊಡವಿ ಕೆಂಡ ಕಾರುತ್ತದೆ. ಕವಳಿ ಕಂಟಿಯ ಬಿಳಿ ಹೂ, ಅಂಕೋಲೆಯ ಕಂಪು, ಇವನ್ನೆಲ್ಲ ನೋಡುತ್ತ ನೋಡುತ್ತ ಕೊನೆಗೆ ಆ ಮುತ್ತಲಗಳ ಕೆಳಗೆ ಕೂತು ರೊಟ್ಟಿಯ ಗಂಟು ಬಿಚ್ಚುವುದು ಅವರ ರೂಢಿ.

ಹೋದ ವರ್ಷ ಹೀಗೇ ರೊಟ್ಟಿಯ ಗಂಟು ಬಿಚ್ಚುವ ಹೊತ್ತಿಗೆ ದಿಲನಾಜ ದೊಡ್ಡ ಬಂಡೆಯ ಆಚೆಯಿಂದ ಕೂಗಿದ್ದಳು. ಹಾವು ಕಂಡಿತೇನೋ ಎಂದು ಇಬ್ಬರೂ ಓಡಿದರು. ಬಂಡೆಯ ಹಿಂದೆ ಒಂದು ಮುತ್ತಲ ನಿಂತಿತ್ತು. ಅದರ ತುಂಬ ಹೂ, ಎಲ್ಲವೂ ಬಿಳಿ. ಆಗ ತೆಗೆದ ಬೆಣ್ಣೆಯ ಬಣ್ಣ. ಮಲ್ಲಿಕಾರ್ಜುನ ಚಪ್ಪಲಿ ಕಳಚಿಟ್ಟ. ಬಿಳಿ ಮುತ್ತಲ ಇರುತ್ತದೆ ಎಂದು ಸುರೇಖಾ ಮೂವತ್ತೊಂದು ವರ್ಷ ಮಕ್ಕಳಿಗೆ ಹೇಳಿದ್ದಳು, ಒಮ್ಮೆಯೂ ಕಂಡಿರಲಿಲ್ಲ. ಅವಳಿಗೆ ಅಳು ಬಂತು, ಅತ್ತಳು.

ಅತ್ತು ಕಣ್ಣೊರೆಸಿಕೊಂಡ ಕೂಡಲೇ ಹಳೆಯ ಕಣ್ಣು ತೆರೆಯಿತು. ಬಿಳಿ ಮುತ್ತಲದ ಬೇರು ಕೈಯಲ್ಲಿದ್ದರೆ ನೆಲದೊಳಗಿನ ನಿಧಿ ಕಾಣುತ್ತದೆ ಎಂದು ನಂಬುವ ಜನ ಇದ್ದಾರೆ. ಅಂಥವರ ಕಣ್ಣಿಗೆ ಬಿದ್ದ ಗಿಡ ಉಳಿಯುವುದಿಲ್ಲ. ಹೂವಿನ ಸುದ್ದಿ ಮೂವರನ್ನು ಬಿಟ್ಟು ನಾಲ್ಕನೆಯವರಿಗೆ ಹೋಗಕೂಡದು ಎಂದು ಅವಳು ಅಲ್ಲೇ ಕಟ್ಟಪ್ಪಣೆ ಮಾಡಿದಳು. ಮಲ್ಲಿಕಾರ್ಜುನ ಕೊರಳಿನ ಲಿಂಗ ಮುಟ್ಟಿ ಆಣೆ ಮಾಡಿದ. ದಿಲನಾಜ ತಾನು ತೆಗೆದಿದ್ದ ನಾಲ್ಕು ಫೋಟೋಗಳನ್ನು ಸುರೇಖಾಳ ಕಣ್ಣೆದುರೇ ಅಳಿಸಿದಳು. ಅಷ್ಟಕ್ಕೇ ಬಿಡದೆ, ಅಳಿಸಿದ್ದು ಹೋಗಿ ಕೂರುವ ಜಾಗದಿಂದಲೂ ಅಳಿಸಿದ್ದನ್ನು ಸುರೇಖಾ ಫೋನು ಇಸಿದುಕೊಂಡು ನೋಡಿದಳು. ಹತ್ತನೇ ತರಗತಿಯಲ್ಲಿದ್ದಾಗಲೂ ಒಮ್ಮೆ ಹೀಗೇ ದಿಲನಾಜಳ ಕಂಪಾಸು ಪೆಟ್ಟಿಗೆ ತೆಗೆಸಿ ನೋಡಿದ್ದಳು. ಆಗಲೂ ಏನೂ ಸಿಕ್ಕಿರಲಿಲ್ಲ. ಹುಡುಗಿ ಅದನ್ನು ಮರೆತಿದ್ದಾಳೆಂದು ಸುರೇಖಾ ತಿಳಿದಿದ್ದಳು.

ಅವಳಿಗೆ ಬೇಕಾಗಿದ್ದದ್ದು ಬೀಜ. ಈ ಒಂದೇ ಗಿಡದ ಬೀಜದಿಂದ ಹತ್ತು ಸಸಿ ಎದ್ದು, ಅದರಲ್ಲಿ ಒಂದಾದರೂ ಬಿಳಿ ಹೂ ಬಿಟ್ಟರೆ, ಗುಡ್ಡದ ಗಿಡಕ್ಕೆ ಏನಾದರೂ ಆದರೂ ಬಿಳಿ ಮುತ್ತಲ ಉಳಿಯುತ್ತದೆ. ಆದರೆ ಬೀಜ ಬಲಿಯುವುದು ಹೂ ಉದುರಿದ ಎಷ್ಟೋ ದಿನಗಳ ಮೇಲೆ. ಆ ಹೊತ್ತಿಗೆ ಬಿಳಿಯದೂ ಒಂದೇ, ಕೆಂಪಿನದೂ ಒಂದೇ. ಅದೇ ಮೂರೆಲೆ, ಅದೇ ಡೊಂಕು ಕಾಂಡ. ಬಂಡೆಯ ಸುತ್ತ ಇಪ್ಪತ್ತಕ್ಕೂ ಹೆಚ್ಚು ಮುತ್ತಲಗಳಿದ್ದವು. ಹಾಗಾಗಿ ಮುಂದಿನ ಗುರುವಾರ ಅವಳು ಒಬ್ಬಳೇ ಬಸ್ಸು ಹತ್ತಿ ಮೇಡ್ಲೇರಿಗೆ ಬಂದು, ಬಿಸಿಲಲ್ಲಿ ಗುಡ್ಡ ಏರಿ, ಗಿಡಕ್ಕೆ ಒಂದು ಗುರುತು ಮಾಡಿದಳು. ಕೈಚೀಲದಲ್ಲಿ ಗಳಗನಾಥದ ಗುಡಿಯಿಂದ ತಂದ ಕೆಂಪು ನೂಲಿನ ಉಂಡೆಯಿತ್ತು, ತಂಗಿ ಕೈಗೆ ಕಟ್ಟಿಕೊ ಎಂದು ಕೊಟ್ಟದ್ದು. ಅದನ್ನೇ ಕಾಂಡಕ್ಕೆ ಎರಡು ಸುತ್ತು ಸುತ್ತಿ ಮೂರು ಗಂಟು ಹಾಕಿದಳು. ಹಿತವೆನಿಸಿತು. ಅಂದಿನಿಂದ ಅದು ಅವಳ ಲೆಕ್ಕದಲ್ಲಿ ಬಿಳಿ ಮುತ್ತಲ ಹೋಗಿ ನನ್ನ ಗಿಡವಾಯಿತು.

ಬೇಸಿಗೆಯ ಕೊನೆಗೆ ಬೀಜಕ್ಕೆಂದು ಹೋದಾಗ ಕಾಯಿಗಳೇನೋ ಇದ್ದವು, ಒಂದರಲ್ಲೂ ಬೀಜ ನಿಂತಿರಲಿಲ್ಲ. ಚಪ್ಪಟೆ ಹೊಟ್ಟು. ನಿರಾಸೆಯಿಂದ ಇಳಿಯುತ್ತಿದ್ದವಳಿಗೆ ಹೇಮಪ್ಪ ಎದುರಾದ. ಆ ಕಡೆಯ ಕುರಿಗಾರ, ಅರವತ್ತರ ಮೇಲಿನವನು. ಕಾಮಾಲೆಗೆ ಬೇರು ಕೊಡುತ್ತಾನೆ, ದನದ ಹೊಟ್ಟೆಯುಬ್ಬರಕ್ಕೆ ಸೊಪ್ಪು ಕೊಡುತ್ತಾನೆ ಎಂದು ಊರಲ್ಲಿ ಹೆಸರು. ಪ್ರತಿ ವರ್ಷ ಇವರನ್ನು ದೂರದಿಂದ ಕಂಡು ಕೈಯೆತ್ತುತ್ತಿದ್ದ. ಅಂದು ಹತ್ತಿರ ಬಂದು, ಕೋಲಿಗೆ ಗದ್ದ ಊರಿ ಕೇಳಿದ.

“ಅಕ್ಕಾರ, ಬಂಡೆ ಹಿಂದಿನ ಮುತ್ತಲಕ್ಕ ನೂಲು ಕಟ್ಟೈತಿ. ನೀವ ಕಟ್ಟೀರೇನ್ರಿ?”

ಸುರೇಖಾ ಕೈಚೀಲವನ್ನು ಎದೆಗೊತ್ತಿ ಹಿಡಿದಳು. ಬೇರು ಮಾರುವವನಿಗೆ ಆ ಗಿಡದ ಉಸಾಬರಿ ಏಕೆ? “ಯಾವ ನೂಲು? ನನಗೇನೂ ಗೊತ್ತಿಲ್ಲಪ,” ಎಂದಳು. ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಹುಡುಗರು ಹೇಳುತ್ತಿದ್ದ ಮಾತು, ಅದೇ ದನಿ. ಹೇಮಪ್ಪ ಅವಳ ಮುಖ ನೋಡಿದ, ಬಂಡೆಯ ಕಡೆ ನೋಡಿದ. “ಹಂಗಾರ ಬಿಡ್ರಿ,” ಎಂದು ಕುರಿಗಳ ಹಿಂದೆ ಹೋದ.

ಆ ‘ಬಿಡ್ರಿ’ ಅವಳ ತಲೆಯಲ್ಲಿ ಹುಳ ಬಿಟ್ಟಿತು. ಮಳೆಗಾಲವಿಡೀ, ಚಳಿಗಾಲವಿಡೀ ಅದು ಕೊರೆಯಿತು. ಹೇಮಪ್ಪನಿಗೆ ಗಿಡ ಬಿಳಿಯದೆಂದು ಗೊತ್ತೇ? ಗೊತ್ತಿದ್ದರೆ ಹೇಳಿದವರು ಯಾರು? ಹೂವಿನ ಗುಟ್ಟು ಬಲ್ಲವರು ಮೂವರೇ, ಅವರಲ್ಲಿ ತಾನು ಹೇಳಿಲ್ಲ. ಉಳಿದವರು ಇಬ್ಬರು. ದಸರೆಯ ಹೊತ್ತಿಗೆ ಮಲ್ಲಿಕಾರ್ಜುನ ಹೊಸ ಗೋದಾಮಿನ ಜಾಗ ತೋರಿಸಲು ಯಾರೋ ವಾಸ್ತುವಿನವರನ್ನು ಕರೆಸಿದ್ದನೆಂದು ಕಿವಿಗೆ ಬಿತ್ತು. ವಾಸ್ತುವಿನವನು ಇವತ್ತು ಬಾಗಿಲು ತೋರಿಸುತ್ತಾನೆ, ನಾಳೆ ನಿಧಿ ತೋರಿಸುತ್ತಾನೆ. ಅವಳು ಏನೇನೋ ನೆಪ ಮಾಡಿ ಬ್ಯಾಡಗಿಗೆ ಹೋಗಿ, ಮೆಣಸಿನಕಾಯಿ ಕೊಳ್ಳುವವಳಂತೆ ಅವನ ಅಂಗಡಿಯಲ್ಲಿ ಒಂದು ತಾಸು ಕೂತು ಬಂದಳು. ಅವನು ಚಹಾ ತರಿಸಿದ, ಎರಡು ಕಿಲೋ ಕಾಯಿ ಪುಕ್ಕಟೆ ಕಟ್ಟಿಸಿದ. ಪುಕ್ಕಟೆ ಏಕೆ ಕೊಟ್ಟ ಎಂದು ಅವಳು ರೈಲಿನಲ್ಲಿ ಕೂತು ಯೋಚಿಸಿದಳು. ಇನ್ನೊಮ್ಮೆ ದಿಲನಾಜಳ ಸ್ಟೇಟಸ್ಸಿನಲ್ಲಿ ಬಿಳಿ ಹೂವಿನ ಫೋಟೋ ಕಂಡು, ಫೋನು ಮೂಗಿನ ಹತ್ತಿರ ಹಿಡಿದು ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ನುಗ್ಗೆ ಹೂ. ಅಷ್ಟು ಸಾಲದೆಂದು, ಈ ಹೂವು ಯಾವ ಊರಲ್ಲಿ ತೆಗೆದದ್ದಮ್ಮ ಎಂದು ಕೇಳಿದಳು. ತಮ್ಮ ಹಿತ್ತಲದ್ದು ಟೀಚರ್ ಎಂದು ದಿಲನಾಜ ಉತ್ತರ ಬರೆದಳು, ಕೊನೆಗೆ ನಗುವ ಮುಖ ಹಾಕಿರಲಿಲ್ಲ. ಅದನ್ನೂ ಸುರೇಖಾ ಗಮನಿಸಿದಳು.

ಈ ವರ್ಷದ ಮೊದಲ ತಿರುಗಾಟ ಶಿವರಾತ್ರಿಗೆ ಮೂರು ದಿನ ಮುಂಚಿನ ರವಿವಾರ. ಮುತ್ತಲಗಳೆಲ್ಲ ಎಲೆ ಉದುರಿಸಿ ಬೋಳಾಗಿ ನಿಂತಿದ್ದವು. ಟೊಂಗೆಯ ತುಂಬ ಕಪ್ಪು ಮೊಗ್ಗು. ಮೊಗ್ಗಿನ ಬಣ್ಣ ಎಲ್ಲದಕ್ಕೂ ಒಂದೇ ಆದ್ದರಿಂದ, ಒಳಗೆ ಯಾವ ಹೂವಿದೆ ಎಂಬುದು ಬಿರಿಯುವವರೆಗೆ ತಿಳಿಯುವಂತಿಲ್ಲ. ಸುರೇಖಾ ಎಲ್ಲರಿಗಿಂತ ಮುಂದೆ ಬಂಡೆ ಸುತ್ತಿ ಬಂದವಳು ನಿಂತುಬಿಟ್ಟಳು.

ಅವಳ ಗಿಡಕ್ಕೆ ಕೆಂಪು ನೂಲು ಇತ್ತು. ಪಕ್ಕದ ಗಿಡಕ್ಕೂ ಇತ್ತು. ಅದರ ಪಕ್ಕದ್ದಕ್ಕೂ. ಬಂಡೆಯ ಸುತ್ತಲಿನ ಒಂದೊಂದು ಮುತ್ತಲಕ್ಕೂ ಎದೆಯೆತ್ತರದಲ್ಲಿ, ಅವಳು ಕಟ್ಟಿದಂಥದೇ ಕೆಂಪು ನೂಲು, ಎರಡು ಸುತ್ತು. ಗಂಟು ಮಾತ್ರ ಅವಳದಲ್ಲ. ಅವಳದು ಮೂರು ಗಂಟು, ಇವು ಕುರಿ ಕಟ್ಟುವ ಒಂಟಿ ಗಂಟು.

ಕುರಿ ಕಟ್ಟುವ ಗಂಟು. ಸುರೇಖಾಳಿಗೆ ಎಲ್ಲವೂ ಹಗಲಿನಷ್ಟು ಸ್ಪಷ್ಟವಾಯಿತು. ಈ ಗುಡ್ಡದಲ್ಲಿ ಎಲ್ಲೋ ಬಿಳಿ ಮುತ್ತಲ ಇದೆ ಎಂದು ಹೇಮಪ್ಪನಿಗೆ ತಿಳಿದಿದೆ, ಯಾವುದೆಂದು ತಿಳಿದಿಲ್ಲ. ಹಾಗಾಗಿ ಎಲ್ಲಕ್ಕೂ ನೂಲು ಕಟ್ಟಿ, ಒಂದೊಂದಾಗಿ ಬೇರು ಕಿತ್ತು ನೋಡುವ ಹುನ್ನಾರ. ಶಿವರಾತ್ರಿಯ ಮರುದಿನ ಅಮಾವಾಸ್ಯೆ. ಇಂಥ ಕೆಲಸಗಳಿಗೆ ಹೇಳಿ ಮಾಡಿಸಿದ ದಿನ.

ಹೇಮಪ್ಪನನ್ನೇ ಕರೆದು ಕೇಳಿದರಾಯಿತು ಎಂದ ಮಲ್ಲಿಕಾರ್ಜುನ, ಮೊಣಕಾಲು ತಿಕ್ಕಿಕೊಳ್ಳುತ್ತ. ಕಳ್ಳನನ್ನು ಕರೆದು ನೀನು ಕಳ್ಳನೇ ಎಂದು ಕೇಳುವ ರೂಢಿ ಯಾವ ಊರಿನದು ಎಂದಳು ಸುರೇಖಾ. ಅಲ್ಲೇ ನಿಂತು ಪರಿಚಯದ ಫಾರೆಸ್ಟ್ ಗಾರ್ಡಿಗೆ ಫೋನು ಹಚ್ಚಿ, ಕುರಿಗಾರನೊಬ್ಬ ಗಿಡಗಳಿಗೆ ಗುರುತು ಹಾಕಿದ್ದಾನೆ, ಅವನ ಕುರಿಗಳನ್ನು ಮೊದಲು ಈ ಗುಡ್ಡದಿಂದ ಇಳಿಸಿ ಎಂದು ಹೇಳಿದಳು. ಮೇಷ್ಟ್ರಿಕೆಯ ದನಿ ಇನ್ನೂ ಕೆಲಸ ಮಾಡುತ್ತಿತ್ತು. ಈಗಲೇ ಹೇಳುತ್ತೇನೆ ಎಂದ ಅವನು.

ಆಮೇಲೆ ನೂಲು ಬಿಚ್ಚಲು ಶುರು ಮಾಡಿದಳು. ದಿಲನಾಜ ಕೈಜೋಡಿಸಿದಳು, ಮಲ್ಲಿಕಾರ್ಜುನ ಕೂತಲ್ಲೇ ಕೈಗೆ ಸಿಕ್ಕ ಎರಡನ್ನು ಬಿಚ್ಚಿದ. ಬಿಚ್ಚಿದ್ದನ್ನೆಲ್ಲ ಸುರೇಖಾ ಕೈಚೀಲಕ್ಕೆ ತುರುಕಿಕೊಂಡಳು. ಎಲ್ಲ ಮುಗಿದು ಅವಳ ಗಿಡವೊಂದು ಉಳಿದಾಗ ದಿಲನಾಜ ಅದರ ಗಂಟಿಗೂ ಕೈ ಹಾಕಿದಳು.

“ಅದನ್ನ ಬಿಡು,” ಎಂದಳು ಸುರೇಖಾ.

“ಎಲ್ಲಾ ಬಿಚ್ಚಿದ ಮ್ಯಾಲ ಇದೊಂದು ಯಾಕ್ರಿ ಟೀಚರ್? ಇನ್ನೊಂದ ಎರಡ ವಾರಕ್ಕ ಹೂ ಬಿಡ್ತೈತಿ. ಆವಾಗ ತಾನ ಗೊತ್ತಾಕ್ಕೈತಿ.”

ಮಾತು ಸರಿಯಾಗಿತ್ತು. ಆದರೆ ಸರಿಯಾದ ಉತ್ತರ ತಡವರಿಸದೆ ಹೇಳುವ ಮಕ್ಕಳ ಮೇಲೆಯೇ ಸುರೇಖಾಳಿಗೆ ಮೊದಲಿನಿಂದ ಅನುಮಾನ. ತನ್ನ ಗುರುತು ಅಳಿಸಲು ಈ ಹುಡುಗಿಗೆ ಇಷ್ಟು ಅವಸರವೇಕೆ? ಹೂ ಬಿಡುವ ಮೊದಲೇ ಗಿಡಕ್ಕೆ ಏನಾದರೂ ಆದರೆ, ಆದದ್ದು ಯಾವ ಗಿಡಕ್ಕೆ ಎಂದು ತನಗೆ ಗೊತ್ತಾಗಬಾರದೆಂದೇ? ಅವಳು ದಿಲನಾಜಳ ಕೈ ಸರಿಸಿ, ಗಂಟು ಬಿಗಿಯಾಗಿದೆಯೇ ಎಂದು ಎಳೆದು ನೋಡಿದಳು. ದಿಲನಾಜ ಹಿಂದೆ ಸರಿದು ನಿಂತಳು. ಆ ದಿನ ಉಳಿದ ಹೊತ್ತೆಲ್ಲ ಕವಳಿ ಹೂವಿನ ಫೋಟೋ ತೆಗೆದಳು, ಯಾರಿಗೂ ತೋರಿಸಲಿಲ್ಲ.

ಇಳಿಯುವಾಗ ಕೆಳಗೆ ಹೇಮಪ್ಪ ಕಂಡ. ಗಾರ್ಡಿನಿಂದ ಆಗಲೇ ಫೋನು ಬಂದಿತ್ತೇನೋ, ಕುರಿಗಳನ್ನು ತಿರುಗಿಸಿ ಹೊಲಗಳ ಕಡೆ ಹೊಡೆಯುತ್ತಿದ್ದ. ಇವರ ಗಾಡಿ ನೋಡಿ ಕೈಯೆತ್ತಿದ, ಏನೋ ಕೂಗಿದ. ಹೋಗ್ರಿ ಹೋಗ್ರಿ ಎಂದಳು ಸುರೇಖಾ, ಮಲ್ಲಿಕಾರ್ಜುನ ಗಾಡಿ ನಿಲ್ಲಿಸಲಿಲ್ಲ. ಮನೆಗೆ ಬಂದು ಅವಳು ಎಷ್ಟೋ ತಿಂಗಳ ಮೇಲೆ ನೆಮ್ಮದಿಯಾಗಿ ಮಲಗಿದಳು. ಗಿಡವನ್ನು ಕಾಪಾಡಿದೆನೆಂದು ಖುಷಿಯಾಗಿತ್ತು.

ಮುಂದಿನ ರವಿವಾರ ಮೇಡ್ಲೇರಿ ದಾಟುವಾಗಲೇ ಗುಡ್ಡದ ಮೇಲೆ ಅಲ್ಲಲ್ಲಿ ಕೆಂಪು ಕಂಡಿತು. ಮೊಗ್ಗು ಒಡೆದಿದ್ದವು. ಸುರೇಖಾ ಈ ಸಲ ಓಡುವಂತೆ ಹತ್ತಿದಳು, ಉಳಿದಿಬ್ಬರು ಹಿಂದೆ ಉಳಿದರು. ಬಂಡೆಯ ಸುತ್ತ ಎಲ್ಲ ಗಿಡಗಳೂ ಇದ್ದಲ್ಲೇ ಇದ್ದವು, ಒಂದಕ್ಕೂ ಗೀರು ಬಿದ್ದಿರಲಿಲ್ಲ. ಬಂಡೆಯ ಹಿಂದಿನದು ಮಾತ್ರ ನೆಲಕ್ಕೆ ಮಲಗಿತ್ತು.

ಮೊಣಕಾಲೆತ್ತರಕ್ಕೆ ಕಡಿದಿದ್ದರು. ಬುಡದ ಸುತ್ತ ಆಳುದ್ದ ತಗ್ಗು ತೋಡಿ ಬೇರು ಎಳೆದುಕೊಂಡು ಹೋಗಿದ್ದರು. ತಗ್ಗಿನ ಅಂಚಿಗೆ ಕುಂಕುಮ ಬಳಿದ ನಿಂಬೆಹಣ್ಣಿನ ಹೋಳು, ಸುಟ್ಟ ಕರ್ಪೂರದ ಕಪ್ಪು. ಬಿದ್ದ ಟೊಂಗೆಯ ತುದಿಯಲ್ಲಿ, ಕಡಿದ ಸುದ್ದಿ ಇನ್ನೂ ಮುಟ್ಟಿಲ್ಲವೆಂಬಂತೆ, ನಾಲ್ಕೈದು ಮೊಗ್ಗು ಬಿರಿದಿದ್ದವು. ಬಿಳಿಯವು. ಅವಳು ಅವುಗಳ ಪಕ್ಕ ಕುಸಿದು ಕೂತಳು.

ಮಲ್ಲಿಕಾರ್ಜುನ, ದಿಲನಾಜ ಬಂದು ನೋಡಿದರು. ಮೊದಲು ಬಾಯಿ ಬಿಟ್ಟವಳು ಸುರೇಖಾ. ಹೇಮಪ್ಪನೇ ಎಂದಳು. ಅವನನ್ನು ಇಳಿಸಿದ ಸಿಟ್ಟಿಗೆ ಅಮಾವಾಸ್ಯೆಯ ದಿನ ಬಂದು ಕಡಿದಿದ್ದಾನೆ. ಇವತ್ತು ಪೊಲೀಸರ ಹತ್ತಿರ ಹೋಗದಿದ್ದರೆ ತಾನು ಸುರೇಖಾಳೇ ಅಲ್ಲ.

ಅಷ್ಟರಲ್ಲಿ ಹೇಮಪ್ಪನೇ ಏದುಸಿರು ಬಿಡುತ್ತ ಹತ್ತಿ ಬಂದ. ಕೆಳಗೆ ಯಾರದೋ ಹೊಲದಲ್ಲಿ ಕುರಿ ಕೂಡಿಸಿದ್ದನಂತೆ, ಗಾಡಿ ಕಂಡು ಬಂದನಂತೆ. ತಗ್ಗಿನ ಅಂಚಿಗೆ ಬಂದವನು ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಸಾವಿನ ಮನೆಗೆ ಬಂದವರು ನಿಲ್ಲುವ ಹಾಗೆ ನಿಂತ.

“ಕೇಳಿದ್ನಿ ಅಕ್ಕಾರ. ಅಮಾಸಿ ಮರುದಿನ ಹೊಲದಾವ್ರು ಹೇಳಿದ್ರು. ಬಂದು ನೋಡೂ ಧೈರ್ಯ ಆಗಲಿಲ್ಲ.”

ನಾಟಕ ಎಂದುಕೊಂಡಳು ಸುರೇಖಾ. ಆದರೂ ಅವನ ಕಿವಿ ನೋಡಿದಳು. ಮೂವತ್ತೊಂದು ವರ್ಷ ತಪ್ಪದ ಗುರುತು ಅದು. ಕಿವಿ ಬಿಸಿಲಿಗೆ ಕಪ್ಪಾಗಿತ್ತು, ಮತ್ತೇನೂ ಇರಲಿಲ್ಲ. “ಗಿಡಕ್ಕೆಲ್ಲಾ ನೂಲು ಕಟ್ಟಿದಾವ ನೀನ ಹೌದಲ್ಲೋ?” ಎಂದು ಕೇಳಿದಳು.

“ನಾನ ರಿ,” ಎಂದ ಹೇಮಪ್ಪ, ಕೇಳಲೆಂದೇ ಕಾದಿದ್ದವನಂತೆ.

ಅವನು ಹೇಳಿದ್ದು ಇಷ್ಟು. ಬೇರು ತೆಗೆಯುವವರಲ್ಲಿ ಒಂದು ಪದ್ಧತಿ ಇದೆ. ಬೇಕಾದ ಗಿಡವನ್ನು ಸುಮ್ಮನೆ ಹೋಗಿ ಕೀಳುವಂತಿಲ್ಲ. ಮೊದಲೇ ಹೋಗಿ ಕೆಂಪು ನೂಲು ಸುತ್ತಿ, ಇಂಥ ದಿನ ಬರುತ್ತೇನೆ, ನಿನ್ನ ಬೇರು ಕೊಡು ಎಂದು ಗಿಡವನ್ನು ಕೇಳಿಕೊಂಡು ಬರಬೇಕು. ಅವನಪ್ಪ ಹಾಗೆ ಮಾಡುತ್ತಿದ್ದ, ಅವನೂ ಹಾಗೆಯೇ ಮಾಡುತ್ತಾನೆ. ನೂಲು ಕಟ್ಟಿದ ಗಿಡವೆಂದರೆ ಯಾರೋ ಬೇರು ಕೇಳಿಟ್ಟ ಗಿಡ; ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬ ಬೇರಿನವನು ಬಿಚ್ಚುವಂತಿಲ್ಲ. ಓದು ಬಾರದವರಿಗೂ ಆ ನೂಲು ಓದಲು ಬರುತ್ತದೆ. ಬಂಡೆಯ ಹಿಂದಿನದು ಬಿಳಿ ಹೂವಿನದೆಂದು ಹೇಮಪ್ಪ ಸಣ್ಣವನಿದ್ದಾಗಿನಿಂದ ಬಲ್ಲ. ಅವನಪ್ಪ ತೋರಿಸಿ, ಯಾರಿಗೂ ಹೇಳಬೇಡ ಎಂದಿದ್ದ. ಹೋದ ವರ್ಷ ಅದಕ್ಕೆ ನೂಲು ಕಂಡಾಗ ಅವನಿಗೆ ಕೈಕಾಲು ಆಡಲಿಲ್ಲ. ಅಕ್ಕಾರು ಗುರುತಿಗೆ ಕಟ್ಟಿದರೇನೋ ಎಂದು ಕೇಳಿದ. ಅವರು ಗೊತ್ತಿಲ್ಲ ಅಂದರು. ಹಾಗಾದರೆ ಯಾರೋ ಬೇರಿಗೆ ಬರುವವರೇ ಕಟ್ಟಿದ್ದು ಎಂದು ಖಾತ್ರಿಯಾಯಿತು.

“ದೀಪಾವಳಿ ಮುಂದ ಗಾಡಿ ಮ್ಯಾಲ ಇಬ್ಬರು ಬಂದಿದ್ರು ರಿ. ನೂಲು ಕಟ್ಟಿದ ಮುತ್ತಲ ಐತಂತಲ್ಲ, ಎಲ್ಲೈತಿ ಅಂತ ಕೇಳಿದ್ರು. ಕಟ್ಟಿಗಿ ಆರಿಸಾವ್ರು ಯಾರೋ ಹೇಳಿದ್ರಂತ. ನಾಳೆ ಬರ್ರಿ, ಹುಡುಕಿ ಇಟ್ಟಿರ್ತೇನಿ ಅಂದೆ. ಅವತ್ತ ರಾಣೇಬೆನ್ನೂರಿಗೆ ಹೋಗಿ ನೂಲಿನ ಉಂಡಿ ತಂದು ಎಲ್ಲಾದಕ್ಕೂ ಕಟ್ಟಿದ್ನಿ.”

ಮರುದಿನ ಬಂದವರು ಗಿಡಗಿಡಕ್ಕೂ ನೂಲು ಕಂಡು, ಯಾವನೋ ಹುಚ್ಚ ಎಂದು ಬೈದು ಹೋದರಂತೆ. ಅವನು ನೂಲು ಬಿಚ್ಚಲಿಲ್ಲ, ಅವರು ಮತ್ತೆ ಬಂದರೆ ಎಂದು ಹಾಗೇ ಬಿಟ್ಟ. ಹೂ ಬಿಡುವ ಹೊತ್ತಿಗೆ ಕುರಿಗಳನ್ನು ಬಂಡೆಯ ಹತ್ತಿರವೇ ಕೂಡಿಸಿ, ಹೂ ಉದುರುವ ತನಕ ಅಲ್ಲೇ ಇರುವುದೆಂದು ಲೆಕ್ಕ ಹಾಕಿದ್ದ. ಅದನ್ನು ಹೇಳಬೇಕೆಂದೇ ಹೋದ ರವಿವಾರ ಗಾಡಿಗೆ ಕೈಮಾಡಿ ಕೂಗಿದ್ದು. ಆದರೆ ಅಷ್ಟರಲ್ಲಾಗಲೇ ಗಾರ್ಡ್ ಫೋನು ಮಾಡಿ ಕುರಿ ಇಳಿಸು ಅಂದಿದ್ದ. ಮಾತು ಮೀರಲು ಬರುತ್ತದೆಯೇ, ಇಳಿಸಿದ. ಅಮಾವಾಸ್ಯೆಯ ದಿನ ಅದೇ ಇಬ್ಬರು ಅದೇ ಗಾಡಿಯಲ್ಲಿ ಹೋದದ್ದನ್ನು ಹೊಲದವರು ಕಂಡರಂತೆ.

“ಕುರಿ ಇಳಿಸಿದ್ರೂ ನೂಲು ಐತಲ್ಲ ಅಂತ ಧೈರ್ಯದಾಗ ಇದ್ನಿ,” ಎಂದ ಹೇಮಪ್ಪ. ಸುತ್ತಲಿನ ಗಿಡಗಳನ್ನು ಒಂದೊಂದಾಗಿ ನೋಡಿದ. “ಯಾರು ಬಿಚ್ಚಿದ್ರೋ ಏನೋ. ಎಲ್ಲಾ ಬಿಚ್ಚ್ಯಾರ, ಇದೊಂದನ್ನ ಬಿಟ್ಟಾರ. ಅವರಿಗೆ ಬಟ್ಟು ಮಾಡಿ ತೋರಿಸಿದಂಗ ಆತು.”

ಸುರೇಖಾ ತಲೆಯೆತ್ತಿ ಉಳಿದಿಬ್ಬರನ್ನು ನೋಡಿದಳು. ಈಗ ಹೇಳುತ್ತಾರೆ ಎಂದುಕೊಂಡಳು. ಮಲ್ಲಿಕಾರ್ಜುನ ತನ್ನ ಚಪ್ಪಲಿಯ ಉಂಗುಷ್ಟ ನೋಡುತ್ತಿದ್ದ. ದಿಲನಾಜ ಬಿದ್ದ ಟೊಂಗೆಯ ಬಿಳಿ ಹೂ ನೋಡುತ್ತಿದ್ದಳು. ನಾನು ಹೇಳಿದ್ದೆನಲ್ಲ ಟೀಚರ್ ಎಂದು ಅನ್ನಲು ಆ ಹುಡುಗಿಗೆ ಎಲ್ಲ ಹಕ್ಕೂ ಇತ್ತು. ಅವಳು ಅನ್ನಲಿಲ್ಲ. ಅವನೂ ಅನ್ನಲಿಲ್ಲ. ಒಂದು ವರ್ಷ ಇವರಿಬ್ಬರ ಬಾಯಿ ಯಾವಾಗ ಬಿಚ್ಚುತ್ತದೋ ಎಂದು ಕಾದವಳಿಗೆ, ಅವರು ಬಾಯಿ ಮುಚ್ಚಿಕೊಂಡಿರುವುದನ್ನು ನೋಡುವುದು ಆಗಲಿಲ್ಲ. ಆಕೆಗೆ ಅಷ್ಟು ನಾಚಿಕೆ ಜೀವನದಲ್ಲಿ ಎಂದೂ ಆಗಿರಲಿಲ್ಲ.

ಸುಮ್ಮನಿದ್ದರೆ ಸುಮ್ಮನೇ ಮುಗಿದುಹೋಗುತ್ತಿತ್ತು. ಹೇಮಪ್ಪ ಆ ಇಬ್ಬರನ್ನೇ ಬೈದುಕೊಂಡು ಇಳಿಯುತ್ತಿದ್ದ. ಸುರೇಖಾ ಕೈಚೀಲದ ಜಿಪ್ ಎಳೆದಳು. ಸಿಕ್ಕುಸಿಕ್ಕಾದ ಕೆಂಪು ನೂಲಿನ ಮುದ್ದೆಯನ್ನು ಹೊರತೆಗೆದು ಹೇಮಪ್ಪನ ಮುಂದೆ ಹಿಡಿದಳು.

“ನಾ ಬಿಚ್ಚಿಸಿದ್ನಿ ಹೇಮಪ್ಪ. ಮೊದಲಿನ ನೂಲೂ ನಾನ ಕಟ್ಟಿದ್ದು. ಗಾರ್ಡಿಗೆ ಫೋನ್ ಮಾಡಿದಾಕಿನೂ ನಾನ.”

ಹೇಮಪ್ಪ ನೂಲಿನ ಮುದ್ದೆ ನೋಡಿದ, ಮುಟ್ಟಲಿಲ್ಲ. ಬೈಯುತ್ತಾನೆ ಎಂದುಕೊಂಡಳು, ಬೈದರೆ ಎಷ್ಟೋ ಹಗುರಾಗುತ್ತಿತ್ತು. ಅವನಿಗೆ ಸಿಟ್ಟಿಗಿಂತ ತಿಳಿಯದ ಗೊಂದಲವೇ ಹೆಚ್ಚಾದಂತಿತ್ತು. ಲೆಕ್ಕ ತಪ್ಪಿದ ಮಗು ಮಾಸ್ತರರನ್ನು ಕೇಳುವ ಹಾಗೆ ಕೇಳಿದ.

“ಎಲ್ಲಾ ಬಿಚ್ಚಿ ಇದೊಂದನ್ನ ಯಾಕ ಬಿಟ್ರಿ ಅಕ್ಕಾರ?”

ಆಕೆಗೆ ಸುಳ್ಳು ಸಿಗಲಿಲ್ಲ. “ನನ್ನ ಗಿಡ ಯಾವುದಂತ ನನಗ ಗೊತ್ತಾಗಬೇಕಿತ್ತು,” ಎಂದಳು.

“ಹೌದ್ರಿ,” ಎಂದ ಹೇಮಪ್ಪ. ತಗ್ಗಿನ ಕಡೆ ಕೈ ತೋರಿಸಿದ. “ಎಲ್ಲಾರಿಗೂ ಗೊತ್ತಾತು.”

ಅವನು ರುಮಾಲು ಸುತ್ತಿಕೊಂಡು, ತಗ್ಗಿಗೆ ಇಳಿದು ಕೈಯಿಂದ ಮಣ್ಣು ಕೆದಕಿದ. ಮುತ್ತಲದ ಬೇರು ಅಷ್ಟು ಸುಲಭಕ್ಕೆ ಸಾಯುವುದಿಲ್ಲ, ಒಂದು ತುಂಡು ಉಳಿದಿದ್ದರೂ ಮಳೆಗೆ ಚಿಗುರಬಹುದು ಎಂದು ಮಲ್ಲಿಕಾರ್ಜುನನಿಗೆ ಹೇಳಿದ. ಹೂ ನೋಡಲು ಎಷ್ಟೋ ವರ್ಷ ಬೇಕು, ಅಲ್ಲಿಯವರೆಗೆ ತಾನಿರುತ್ತೇನೋ ಇಲ್ಲವೋ. ಮಲ್ಲಿಕಾರ್ಜುನ ಮೊಣಕಾಲು ನೋವು ಮರೆತು ತಾನೂ ಇಳಿದು ಮಣ್ಣು ಎಳೆಯತೊಡಗಿದ.

“ಚಿಗಿತರ ನೂಲು ಕಟ್ಟಬ್ಯಾಡ್ರಿ ಅಕ್ಕಾರ,” ಎಂದ ಹೇಮಪ್ಪ, ತಲೆಯೆತ್ತದೆ.

ಸುರೇಖಾ ಬಿದ್ದ ಕಾಂಡದ ಕಡೆ ತಿರುಗಿದಳು. ಕಳ್ಳರು ಅವಳ ನೂಲನ್ನು ಮುಟ್ಟಿರಲಿಲ್ಲ. ಎರಡು ಸುತ್ತು, ಮೂರು ಗಂಟು, ಇದ್ದಂತೆಯೇ ಇತ್ತು. ಬಿಚ್ಚಲು ನೋಡಿದಳು. ವರ್ಷದ ಮಳೆ ಬಿಸಿಲಿಗೆ ಗಂಟು ಕಲ್ಲಾಗಿತ್ತು, ಹೋದ ವಾರ ತಾನೇ ಎಳೆದು ಇನ್ನಷ್ಟು ಬಿಗಿ ಮಾಡಿದ್ದಳು. ಉಗುರು ನೋಯಿತು, ಕಣ್ಣು ಮಂಜಾಯಿತು, ಗಂಟು ಸಡಿಲಲಿಲ್ಲ. ದಿಲನಾಜ ಬಂದು ಪಕ್ಕದಲ್ಲಿ ಕೂತಳು. ಟೀಚರ ಕೈ ಸರಿಸಿ, ತಾನು ಬಿಚ್ಚತೊಡಗಿದಳು.